ಸಾಹೇಬರ ಹೆಸರಿನ ಕೆಳಗೆ

ಒತ್ತಿದರೆ ಬರುತ್ತೆ, ಹುಡುಕಿದರೆ ಸಿಗಲ್ಲ. ಏನದು? ಬಿಡಿ, ನಿಮಗೆ ಹೊಳೆಯಲ್ಲ.

ನಮ್ಮೂರ ಶವಾಗಾರದ ವೆಬ್‌ಸೈಟು! ಗುರುತು ಸಿಗದ ಹೆಣಗಳ ವಿವರ ಬಟನ್ ಒತ್ತಿದರಷ್ಟೇ ಮೂಡುತ್ತಿತ್ತು. ಗೂಗಲ್ ಬಟನ್ ಒತ್ತಲ್ಲ, ಹಾಗಾಗಿ ಆ ವಿವರ ಅದಕ್ಕೆ ಕಾಣುತ್ತಲೇ ಇರಲಿಲ್ಲ. ಕಾಣೆಯಾದ ತಮ್ಮನನ್ನು ಗೂಗಲ್‌ನಲ್ಲಿ ಹುಡುಕಿ ಹುಡುಕಿ ದ್ಯಾವಕ್ಕ ಸೋತಿದ್ದಳು.

ಸರಿಮಾಡೋಣವಾ ಅಂತ ಶವಾಗಾರದ ಗುಮಾಸ್ತ ಕೇಳಿದ. ಅಲ್ಲಿನ ಸಾಹೇಬರು ಗದರಿದರು: "ಹೆಣಕ್ಕೆಂಥಾ ಪ್ರಚಾರವಯ್ಯಾ? ಗೂಗಲ್‌ನಲ್ಲಿ ನನ್ನ ಹೆಸರು ಬರಬೇಕು!"

"ಆಗಲಿ ಸಾರ್."

ಗುಮಾಸ್ತ ಒಂದೊಂದು ಹೆಣಕ್ಕೂ ಬಟನ್ನಿಲ್ಲದ ಸಾದಾ ಪುಟ ಮಾಡಿ, ಲಿಂಕು ಕೊಟ್ಟು, ಪುಟದ ನೆತ್ತಿಯ ಮೇಲೆ ಸಾಹೇಬರ ಹೆಸರು ಹಾಕಿದ.

"ಅಯ್ಯೋ, ನನ್ನ ಹೆಸರು ಹುಡುಕಿದರೆ ಬರೀ ಹೆಣಗಳೇ ಬರ್ತವಲ್ಲೋ!"

"ಅವನ್ನ ತೆಗೆದರೆ ನಿಮ್ಮ ಹೆಸರೂ ಹೋಗುತ್ತೆ ಸಾರ್."

ಸಾಹೇಬರು ತೆಗೆಸಲಿಲ್ಲ.

ದ್ಯಾವಕ್ಕ ತಮ್ಮನ ಕೈಮೇಲಿನ ಚೇಳಿನ ಹಚ್ಚೆ ಅಂತ ಬರೆದು ಹುಡುಕಿದಳು. ಏನೂ ಬರಲಿಲ್ಲ. "ಎಲ್ಲೋ ಬದುಕಿದ್ದಾನೆ ಬಿಡು!" ಅಂತ ನಕ್ಕಳು.

ಅವಳು ನಕ್ಕ ಈ ಕೊನೆ ನಾನು ಕಟ್ಟಿದ್ದು. ನಿಜಕ್ಕೂ ತಮ್ಮ ಮೊದಲ ಲಿಂಕಿನಲ್ಲೇ ಇದ್ದ, ಸಾಹೇಬರ ಹೆಸರಿನ ಕೆಳಗೆ.