ಕಾಮಾಲೆ ಇಳಿದ ಮೇಲೆ

"ಗುರುಗಳೇ, ಹಿಟ್ಟಿನ ಗಿರಣಿಯವನ ಕಾಮಾಲೆ ಇಳಿಯಿತು. ರಕ್ತದಲ್ಲಿದ್ದ ಹೆಪಟೈಟಿಸ್ ಬಿ ವೈರಸ್ಸೂ ಈಗ ಇಲ್ಲ. ಆದರೂ ಕೆಲಸ ಮುಗಿದಿಲ್ಲ ಎನ್ನುತ್ತೀರಿ. ಇನ್ನೇನು ಉಳಿದಿದೆ? ನನಗೆ ಒಂದೂ ಅರ್ಥವಾಗುತ್ತಿಲ್ಲ" ಎಂದು ಉಮಾಪತಿ ಕೇಳಿದ. ಅವನು ದವಾಖಾನೆಗೆ ಸೇರಿ ಕೆಲಸ ಕಲಿಯುತ್ತಿದ್ದ ಹೊಸ ವೈದ್ಯ.

ಹಿರಿಯ ವೈದ್ಯರಾದ ಶಾಂತವೀರಪ್ಪನವರು ಕನ್ನಡಕ ತೆಗೆದಿಟ್ಟರು. "ಅರ್ಥವಾಗದಿದ್ದರೆ ಒಳ್ಳೆಯದೇ ಆಯಿತು. ಎಲ್ಲ ಅರ್ಥವಾಗಿದ್ದವನೊಬ್ಬನ ಕತೆ ಹೇಳುತ್ತೇನೆ, ಕೇಳು" ಎಂದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಅವನ ಕಣ್ಣು ಹಳದಿಯಾಯಿತು, ಅನ್ನ ಕಂಡರೆ ವಾಕರಿಕೆ ಬರುತ್ತಿತ್ತು. ಹೆಂಡತಿ ಅವನನ್ನು ಊರ ವೈದ್ಯನ ಬಳಿ ಕರೆದೊಯ್ದಳು. ವೈದ್ಯ ದಡ್ಡನೇನಲ್ಲ. ಬರೆ ಹಾಕಿಸುವುದು ಬೇಡ ಎಂದ, ರಕ್ತ ಪರೀಕ್ಷೆ ಮಾಡಿಸಿದ, ಹೆಪಟೈಟಿಸ್ ಬಿ ಎಂದು ಪತ್ತೆ ಹಚ್ಚಿದ. ಅಲ್ಲಿಯತನಕ ಶಭಾಷ್ ಅನ್ನೋಣ.

ಹೆಂಡತಿ ಅಡುಗೆಗೆ ಅರಿಸಿನ ಹಾಕುವುದನ್ನೇ ಬಿಟ್ಟಳು. ಹಳದಿ ತಿಂದರೆ ಹಳದಿ ಏರುತ್ತದೆಂದು ಅವಳ ಭಯ, ಪಾಪ. ಗಂಡನಿಗೆ ಗಂಜಿ ಕುಡಿಸಿ, ಮಗ್ಗದ ಮುಂದೆ ತಾನೇ ಕೂರುತ್ತಿದ್ದಳು. ಒಂದು ದಿನ ವೈದ್ಯನನ್ನು ಕೇಳಿದಳು: "ಸ್ವಾಮಿ, ನನ್ನದೂ ಒಂದ್ಸಲ ನೋಡ್ತೀರಾ? ಯಾಕೋ ಹೆದರಿಕೆ."

ವೈದ್ಯ ಅವಳ ಕೆಳರೆಪ್ಪೆ ಎಳೆದು ನೋಡಿ ನಕ್ಕ. "ಕಣ್ಣು ಬೆಳ್ಳಗಿದೆಯಲ್ಲಮ್ಮ! ನಿನಗೆಂಥ ಕಾಯಿಲೆ? ಹೋಗು, ಗಂಡನನ್ನು ನೋಡಿಕೋ."

ನೇಕಾರ ಗುಣವಾದ. ವೈರಸ್ಸು ಅವನ ರಕ್ತದಿಂದ ತಾನಾಗಿಯೇ ಹೋಗಿತ್ತು. ಊರವರು ವೈದ್ಯನನ್ನು ಹೊಗಳಿದರು, ಅವನೂ ಬೀಗಿದ.

ವರ್ಷಗಳು ಕಳೆದವು. ಹೆಂಡತಿಯ ಹೊಟ್ಟೆಯಲ್ಲಿ ನೀರು ತುಂಬಿತು, ರಕ್ತ ಕಾರಿದಳು. ಪರೀಕ್ಷೆ ಮಾಡಿಸಿದರೆ ಅದೇ ವೈರಸ್ಸು. ಲಿವರ್ ಪೂರ್ತಿ ಹಾಳಾಗಿತ್ತು. ಅವಳು ಉಳಿಯಲಿಲ್ಲ. ನೇಕಾರ ಅಳುತ್ತಾ ವೈದ್ಯನ ಮುಂದೆ ನಿಂತ. "ಕಾಯಿಲೆ ಬಂದಿದ್ದು ನನಗಲ್ವಾ ಸ್ವಾಮಿ? ಅವಳು ಯಾಕೆ ಹೋದಳು?" ಎಂದ.

ಕತೆ ಕೇಳಿದ ಉಮಾಪತಿ ಗಲಿಬಿಲಿಗೊಂಡ. "ಹಾಗಾದರೆ ಗಂಡನಿಂದ ಅವಳಿಗೆ ಅಂಟಿತೇ?"

"ತಿರುಗಿಸಿ ನೋಡಯ್ಯ! ಅವಳಿಂದಲೇ ಅವನಿಗೆ ಅಂಟಿರಬಹುದು. ಹುಟ್ಟುವಾಗ ತಾಯಿಯಿಂದ ಬಂದದ್ದು ಅವಳೊಳಗೆ ಸದ್ದಿಲ್ಲದೆ ಕೂತಿತ್ತೋ ಏನೋ. ಕಣ್ಣು ಹಳದಿಯಾಗಲೇಬೇಕೆಂದು ಯಾರು ಕರಾರು ಬರೆದುಕೊಟ್ಟಿದ್ದಾರೆ? ಕೇಳಿದ ದಿನವೇ ಅವಳ ರಕ್ತ ನೋಡಿದ್ದರೆ, ಮಾತ್ರೆ ಕೊಟ್ಟು ರೋಗವನ್ನು ಹತೋಟಿಯಲ್ಲಿಡಬಹುದಿತ್ತು. ನೆನೆದರೆ ಹೊಟ್ಟೆ ಉರಿಯುತ್ತದೆ."

"ಹಳದಿಯಾದವನು ಗುಣವಾದ, ಬೆಳ್ಳಗಿದ್ದವಳು ಸತ್ತಳು. ಇದರಲ್ಲಿ ರೋಗಿ ಎಂದು ಯಾರನ್ನು ಕರೆಯಲಿ ಗುರುಗಳೇ? ನನಗೆ ತಲೆಯೇ ಓಡುತ್ತಿಲ್ಲ."

ಶಾಂತವೀರಪ್ಪನವರು ಅವನನ್ನೇ ನೋಡುತ್ತಾ ಕೇಳಿದರು: "ಗಿರಣಿಯವನನ್ನು ಕೈಹಿಡಿದು ಇಲ್ಲಿಗೆ ಕರೆತರುತ್ತಿದ್ದಳಲ್ಲ ಅವನ ಹೆಂಡತಿ, ಅವಳ ಹೆಸರೇನು?"

ಉಮಾಪತಿ ದವಾಖಾನೆಯ ದಾಖಲೆ ಪುಸ್ತಕ ತೆರೆದು ಹುಡುಕಿದ; ಅದರಲ್ಲಿ ಗಿರಣಿಯವನ ಹೆಸರೊಂದೇ ಇತ್ತು.