ತಾಂಡೇಲನ ತಾಮ್ರದ ಹಂಡೆ

ಕಡಲು ಇನ್ನೂ ಊರ ಹಿತ್ತಲಿಗೇ ತಾಗಿಕೊಂಡಿದ್ದ ಕಾಲ ಅದು, ಕೇಳಿ. ಸಂಕೋಡಿ ಅಂತೊಂದು ಬಂದರು. ಅಲ್ಲಿ ಪುಂಡಲೀಕ ಅಂತ ಒಬ್ಬ ತಾಂಡೇಲ, ಅಂದರೆ ಹಡಗು ನಡೆಸುವವ, ಇದ್ದನಂತೆ. ಕೂತಲ್ಲಿ ಕೂರುವ ಜೀವವಲ್ಲ ಅದು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದ ಅಂತಾರೆ.

ಆಗೆಲ್ಲ ಬಿರುಗಾಳಿ ಎದ್ದರೆ, ಹಡಗು ಉಳಿಸೋಕೆ ಕೈಗೆ ಸಿಕ್ಕ ಮೂಟೆ ಕಡಲಿಗೆ ಎಸೀತಿದ್ರು. ಎಸೆದದ್ದು ಯಾರದೋ ಅವನ ಹಣೆಬರಹ. ಮಿಕ್ಕವರು ದೇವರಿಗೆ ಕಾಯಿ ಒಡೆದು ಮನೆಗೆ ಹೋಗೋರು, ಕಳಕೊಂಡವ ದೊಣ್ಣೆ ಹಿಡಿಯೋನು. ಈ ಬಡಿದಾಟ ನೋಡಿ ನೋಡಿ ಮಸ್ಕತ್ತಿನ ಹಡಗುಗಳು ಬರೋದನ್ನೇ ಬಿಟ್ಟವಂತೆ.

ಪುಂಡಲೀಕ ಆಚೆ ದಡಕ್ಕೆ ಹೋಗಿ ಕಡಲ ಕಾನೂನು ಕಲಿತು ಬಂದನಂತೆ. ಎಲ್ಲರನ್ನೂ ಉಳಿಸೋಕೆ ಒಬ್ಬನ ಮಾಲು ಮುಳುಗಿದರೆ, ಉಳಿದ ಮಾಲಿನಲ್ಲೆಲ್ಲ ಅವನಿಗೆ ಪಾಲು. ಬಂದವ ಕೂತನೇ? ಬಂದರಿಂದ ಬಂದರಿಗೆ ನಡೆದ. ಮರಳಲ್ಲಿ ಹಡಗು ಗೀಚಿ, ಚಿಪ್ಪುಗಳನ್ನೇ ಮೂಟೆ ಅಂತ ಇಟ್ಟು ಪಾಠ ಹೇಳಿದ. ಮಾಲು ಉಳಿಸಿಕೊಂಡವ ಕಳಕೊಂಡವನ ಪರ ವಾದ ಮಾಡಬೇಕು, ಅದೇ ಪರೀಕ್ಷೆ. ಹಗ್ಗ ಮಾರುವ ಬೀರಮ್ಮನೂ ಕಲಿತಳು. ಹಡಗುಗಳು ಮತ್ತೆ ಬಂದವಂತೆ.

ಹೀಗಿರುವಾಗ ಅವನ ಮಗಳು ಚಂದ್ರಾವತಿಗೆ ಮದುವೆ ಗೊತ್ತಾಯ್ತು. ತಾಮ್ರದ ಹಂಡೆ ಇಲ್ಲದೆ ಹೆಣ್ಣು ಒಯ್ಯೋದಿಲ್ಲ ಅಂತ ಬೀಗರದು ಒಂದೇ ಹಟ. ಮಸ್ಕತ್ತಿನಿಂದ ಹಂಡೆ ತರಿಸಿದ. ಹಂಡೆ ಬಂತು, ಆದರೆ ದಾರಿಯಲ್ಲಿ ಬಿರುಗಾಳಿಗೆ ಸಿಕ್ಕಿ ಸಾಲೀಂ ಅನ್ನೋ ಪರದೇಶಿ ವ್ಯಾಪಾರಿಯ ಖರ್ಜೂರವೆಲ್ಲ ಕಡಲು ಸೇರಿತ್ತು. ಹಡಗಿನವರು ತಮ್ಮ ಪಾಲು ಕೊಟ್ಟರು. ತಾಂಡೇಲನ ಕೈಯಲ್ಲಿ ಬೇರೆ ದುಡ್ಡಿಲ್ಲ, ಅವನು ಕೊಡಬೇಕಾದ ಪಾಲು ಅಂದರೆ ಅದೇ ಹಂಡೆ.

ಕಡಲ ನೀರು ಇಳಿಯುವ ಹೊತ್ತಿಗೆ ಸಾಲೀಮನನ್ನು ಕರಕೊಂಡು ಹಡಗು ಹೊರಡಬೇಕು. ತಾಂಡೇಲ ದಡದುದ್ದ ಅತ್ತ ಇತ್ತ ತಿರುಗಿದ್ದೇ ತಿರುಗಿದ್ದು. ಪರದೇಶಿಗೆ ಎಂಥ ಪಾಲು, ಸುಮ್ಮನಿರಿ ಅಂದರಂತೆ ಊರವರು. ಇವನ ಬಾಯಲ್ಲೂ ಇದೊಂದು ಸಲ ಬಿಡಿ ಅಂತ ಬಂತಂತೆ. ಪಾಪ, ಹೆಣ್ಣು ಹೆತ್ತವ.

ಬೀರಮ್ಮ ಎದ್ದು ನಿಂತಳು. ಎಸೆಯುವಾಗ ಯಾರೂ ಅವನ ಊರು ಕೇಳಲಿಲ್ಲ, ಕೊಡುವಾಗ ಯಾಕೆ ಕೇಳ್ತೀರಿ ಅಂದಳಂತೆ.

"ನೀವೇ ಕಲಿಸಿದ್ದು ತಾಂಡೇಲರೆ. ಮಾಲು ಉಳಿದದ್ದು ನಿಮ್ಮದು. ಅವನ ಪರ ನೀವೇ ವಾದ ಮಾಡಿ."

ಮಗಳ ಮುಖ ನೋಡದೆ ವಾದ ಮಾಡಿದನಂತೆ. ವಾದ ಗೆದ್ದ, ಹಂಡೆ ಸೋತ. ತಾನೇ ಹೊತ್ತು ಸಾಲೀಮನ ದೋಣಿಗೆ ಹಾಕಿದ.

ಮದುವೆಯ ದಿನ ಬೀಗರು ಹಂಡೆ ಎಲ್ಲಿ ಅಂದರು. ಚಂದ್ರಾವತಿಯೇ ಮುಂದೆ ಬಂದು, ಕಳಕೊಂಡವರ ಪಾಲಿಗೆ ಹೋಯ್ತು, ಇದಿದೆ ಅಂತ ಒಂದು ಮಣ್ಣಿನ ಮಡಕೆ ಇಟ್ಟಳಂತೆ. ಬೀಗರು ಎದ್ದೇ ಬಿಟ್ಟರು. ಮದುಮಗ ಮಾತ್ರ ಬಗ್ಗಿ ಆ ಮಡಕೆ ಎತ್ತಿ ತಲೆ ಮೇಲೆ ಇಟ್ಟುಕೊಂಡನಂತೆ.

ಇವತ್ತಿಗೂ ಸಂಕೋಡಿಯ ಹೆಣ್ಣು ಗಂಡನ ಮನೆಗೆ ಹೊರಟರೆ ಮೊದಲು ಹೊಸಿಲು ದಾಟೋದು ಮಣ್ಣಿನ ಮಡಕೆ. ಅದನ್ನ ಗಂಡೇ ಹೊರಬೇಕು.