ನಲವತ್ತೆಂಟರ ಸಿಟ್ಟು

“ಗುರುಗಳೇ, ಮಾತ್ರೆ ನಡೆಸುವ ಎದೆ ನನ್ನದೇ, ಮಾತ್ರೆಯದೇ?”

ಕೇಳಿದವನು ಫಕೀರಪ್ಪ ಮಾಸ್ತರ. ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ಕನ್ನಡ ಕಲಿಸಿದವನು, ವ್ಯಾಕರಣಕ್ಕಾಗಿ ಮಕ್ಕಳ ಕಿವಿ ಹಿಂಡಿದವನು. ವಾರಕ್ಕೊಮ್ಮೆ ಗುಡ್ಡ ಹತ್ತಿ ಮಠಕ್ಕೆ ಬಂದು ಗುರುಗಳ ಎದುರು ಕೂರುತ್ತಿದ್ದ. ಗುರುಗಳು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ತಲೆ ಎತ್ತಲಿಲ್ಲ.

“ಬಿಡಿಸಿ ಹೇಳು,” ಎಂದರು.

ಮಾಸ್ತರ ಬಿಡಿಸಿ ಹೇಳಿದ. ಹೋದ ವರ್ಷ ಅವನ ಎದೆಯ ಬಡಿತ ಲಯ ತಪ್ಪಿತ್ತು. ಸುಮ್ಮನೆ ಕೂತಾಗಲೂ ಓಡುತ್ತಿತ್ತು, ಓಡುತ್ತ ಓಡುತ್ತ ಎಡವುತ್ತಿತ್ತು. ವೈದ್ಯರು ಮಾತ್ರೆ ಕೊಟ್ಟರು. ಈಗ ಕೂತಾಗ ನಾಡಿ ನಿಮಿಷಕ್ಕೆ ನಲವತ್ತೆಂಟು. ವೈದ್ಯರು ಇದು ಸರಿ ಎನ್ನುತ್ತಾರೆ. ಬೇರೆ ಯಾರೂ ಸರಿ ಎನ್ನುವುದಿಲ್ಲ. ಶಾಲೆಯಲ್ಲಿ ಅವನು ನಿಂತಲ್ಲೆಲ್ಲ ಯಾರಾದರೊಬ್ಬರು ಕುರ್ಚಿ ತಂದು ಹಾಕುತ್ತಾರೆ. ಬೀಗರು ಕೈ ಹಿಡಿದು ಮಾತಾಡುವ ನೆಪದಲ್ಲಿ ನಾಡಿ ನೋಡುತ್ತಾರೆ.

“ಅದನ್ನಾದರೂ ಸಹಿಸಬಹುದು,” ಎಂದ ಮಾಸ್ತರ. “ಮೊನ್ನೆ ಒಬ್ಬ ಅಧಿಕಾರಿ ಮಕ್ಕಳ ಮುಂದೆಯೇ ನನ್ನನ್ನು ಬೈದ. ನನಗೆ ಸಿಟ್ಟು ಬಂತು. ಆದರೆ ಎದೆ ಏರಲೇ ಇಲ್ಲ. ಡಬಡಬ ಎನ್ನಲಿಲ್ಲ. ಆಗ ನನ್ನ ಮೇಲೆ ನನಗೇ ಅನುಮಾನ ಬಂತು. ಇದು ಸಿಟ್ಟೋ, ಹಳೆಯ ಸಿಟ್ಟಿನ ನೆನಪೋ? ಇಷ್ಟು ಮಂದವಾಗಿ ಬದುಕುವುದಕ್ಕಿಂತ ಮಾತ್ರೆ ಬಿಟ್ಟು ಗಂಡಸಿನ ಹಾಗೆ ಇರುವುದು ವಾಸಿಯಲ್ಲವೇ?”

ಒಂದು ವಿಷಯವನ್ನು ಅವನು ಹೇಳಲಿಲ್ಲ. ಮೂರು ದಿನದಿಂದ ಅವನು ಮಾತ್ರೆ ನುಂಗಿರಲಿಲ್ಲ. ಮಾತ್ರೆಗಳ ಹಾಳೆ ಅಂಗಿಯ ಜೇಬಿನಲ್ಲೇ ಇತ್ತು.

ಗುರುಗಳು ಈಗ ತಲೆ ಎತ್ತಿದರು. ಮಾಸ್ತರ ಮೆಟ್ಟಿಲು ಹತ್ತಿ ಬಂದು ಅರ್ಧ ಗಂಟೆಯಾಗಿತ್ತು. ಆದರೂ ಅವನ ಕತ್ತಿನ ನರ ಕುಣಿಯುತ್ತಿತ್ತು. ಗುರುಗಳು ನರ ನೋಡಿದರು, ಜೇಬು ನೋಡಿದರು, ಮತ್ತೆ ಮೊರ ಹಿಡಿದರು.

“ಒಬ್ಬ ಕಲ್ಲುಕುಟಿಗನಿದ್ದ,” ಎಂದು ಶುರು ಮಾಡಿದರು.

ಕಲ್ಲುಕುಟಿಗನೆಂದರೆ ದೇವರ ಮೂರ್ತಿ ಮಾಡುವವನಲ್ಲ, ಅಕ್ಷರ ಕೆತ್ತುವವನು. ಬಾವಿ ಕಟ್ಟಿಸಿದವರ ಹೆಸರು, ಶಾಲೆಗೆ ಜಾಗ ಕೊಟ್ಟವರ ಹೆಸರು, ಸತ್ತವರ ಹೆಸರು ಎಲ್ಲ ಅವನ ಕೈಯಿಂದಲೇ ಕಲ್ಲಿಗೆ ಹೋಗಬೇಕು. ಸುತ್ತಲಿನ ಊರುಗಳಲ್ಲಿ ಅವನಷ್ಟು ದುಂಡಗೆ ಕೆತ್ತುವವರು ಇರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಸ್ವಲ್ಪ ಜಾಸ್ತಿಯೇ ಗೊತ್ತಿತ್ತು.

ಅಪ್ಪ ಅವನಿಗೆ ಒಂದು ನಿಯಮ ಹೇಳಿಕೊಟ್ಟಿದ್ದ. ಸಿಟ್ಟು ಬಂದಾಗ ಉಳಿ ಮುಟ್ಟಬಾರದು. ಸಿಟ್ಟು ಎದೆಗೆ ಏರುತ್ತದೆ, ಎದೆಯಿಂದ ಕೈಗೆ ಇಳಿಯುತ್ತದೆ, ಕೈಗೆ ಇಳಿದರೆ ಕಲ್ಲು ಕೆಡುತ್ತದೆ. ಕಾಗದದ ಮೇಲಿನ ತಪ್ಪನ್ನು ಅಳಿಸಬಹುದು. ಕಲ್ಲಿನ ಮೇಲಿನದನ್ನು ಅಳಿಸಲಾಗದು. ಹಾಗಾಗಿ ಸಿಟ್ಟು ಬಂದ ದಿನ ಅವನು ಕೆಲಸ ಬಿಟ್ಟು ಕೆರೆಯ ದಂಡೆಗೆ ಹೋಗಿ ಕೂರುತ್ತಿದ್ದ. ಮೂಗಿನ ತುದಿಯಲ್ಲೇ ಸಿಟ್ಟಿದ್ದ ಮನುಷ್ಯನಾದ್ದರಿಂದ ಅರ್ಧ ಆಯುಷ್ಯ ಕೆರೆಯ ದಂಡೆಯಲ್ಲೇ ಕಳೆದಿತ್ತು.

ಐವತ್ತು ದಾಟಿದ ಮೇಲೆ ಅವನ ಎದೆಯ ಲಯ ತಪ್ಪಿತು. ನಿನ್ನದು ತಪ್ಪಿದ ಹಾಗೆಯೇ. ಸಿಟ್ಟಿಲ್ಲದಾಗಲೂ ಹಂಚಿನ ಮೇಲೆ ಜೋಳ ಸಿಡಿದಂತೆ ಎದೆ ಸಿಡಿಯತೊಡಗಿತು. ಕೈ ನಡುಗಿತು. ಪೇಟೆಯ ಡಾಕ್ಟರಮ್ಮ ಪರೀಕ್ಷೆ ಮಾಡಿ ಮಾತ್ರೆ ಬರೆದುಕೊಟ್ಟರು. ದಿನಕ್ಕೊಂದು, ಬದುಕಿರುವ ತನಕ. ತಿಂಗಳೊಪ್ಪತ್ತಿನಲ್ಲಿ ನಾಡಿ ನಲವತ್ತೆಂಟಕ್ಕೆ ಇಳಿದು ಅಲ್ಲೇ ನಿಂತಿತು.

ಅದರ ಜೊತೆಗೆ ಬೇರೆ ಸಂಗತಿಗಳೂ ಬಂದವು. ಬೆರಳು ತಣ್ಣಗಾದವು. ಏಣಿ ಹತ್ತುವಾಗ ಅರ್ಧದಲ್ಲಿ ನಿಲ್ಲಬೇಕಾಯಿತು. ಬೆಳಿಗ್ಗೆ ಥಟ್ಟನೆ ಎದ್ದರೆ ಕಣ್ಣಿಗೆ ಮಂಜು ಕವಿಯುತ್ತಿತ್ತು, ಆದ್ದರಿಂದ ಹಾಸಿಗೆಯ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂತು ಏಳುವುದನ್ನು ಕಲಿತ. ಆದರೆ ಕೈಯ ನಡುಕ ನಿಂತಿತು. ಅವನು ಮತ್ತೆ ಕೆತ್ತತೊಡಗಿದ.

ಅಲ್ಲಿಗೆ ಕತೆ ಮುಗಿಯಬೇಕಿತ್ತು. ಮುಗಿಯಲಿಲ್ಲ, ಯಾಕೆಂದರೆ ಊರು ಎಂಬುದೊಂದಿದೆ.

ಆ ಊರಲ್ಲಿ ನಾಡಿ ನೋಡುವ ಒಬ್ಬ ಹಿರಿಯನಿದ್ದ. ಯಾರೂ ಕೇಳದಿದ್ದರೂ ನೋಡುತ್ತಿದ್ದ. ಒಂದು ಮಧ್ಯಾಹ್ನ ಅವನು ಬಂದಾಗ ಕಲ್ಲುಕುಟಿಗ ಉಂಡು ಮಲಗಿದ್ದ. ಹಿರಿಯ ಪಕ್ಕದಲ್ಲಿ ಕೂತು ಮಣಿಕಟ್ಟು ಹಿಡಿದ. ಒಂದು ಬಡಿತ ಬಂತು. ಹಿರಿಯ ಕಾದ. ಅವನಿಗೆ ಕಾದು ಅಭ್ಯಾಸವಿರಲಿಲ್ಲ. ಎರಡನೆಯದು ಬರುವಷ್ಟರಲ್ಲಿ ಅವನ ಕಣ್ಣಲ್ಲಿ ನೀರು ಬಂದಿತ್ತು.

“ಜೀವ ಹೊಂಟೈತಿ,” ಎಂದ ಮನೆಯವರಿಗೆ. “ಭಾಳ ಅಂದ್ರ ಎಂಟು ದಿನ.”

ಮನೆ ಪಿಸುಮಾತಿಗೆ ಇಳಿಯಿತು. ಕಲ್ಲುಕುಟಿಗನ ಅಣ್ಣ ಉಳಿ, ಸುತ್ತಿಗೆಗಳನ್ನು ಗಂಟು ಕಟ್ಟಿ ಅಟ್ಟದ ಮೇಲಿಟ್ಟ. ಸಾಯುವವನಿಗೆ ಶ್ರಮ ಬೇಡ ಎಂಬುದು ಅವನ ಲೆಕ್ಕ. ನೋಡಿಕೊಂಡು ಹೋಗಲು ಜನ ಬಂದರು. ಬರುವಾಗ ಬಾಳೆಹಣ್ಣು ತಂದರು, ಹೋಗುವಾಗ ನಿಟ್ಟುಸಿರು ಬಿಟ್ಟರು. ಹತ್ತು ವರ್ಷದಿಂದ ಮುಖ ಕೊಟ್ಟು ಮಾತಾಡದ ದಾಯಾದಿಯೊಬ್ಬ ಬಂದು ಕಾಲ ಬಳಿ ಕೂತು ಕ್ಷಮೆ ಕೇಳಿದ. ಕಲ್ಲುಕುಟಿಗನಿಗೆ ಸಿಟ್ಟು ಬಂತು. ಎದೆ ಏರಲಿಲ್ಲ. ಎದೆ ಏರದಿದ್ದ ಮೇಲೆ ತಾನು ನಿಜಕ್ಕೂ ಸಾಯುತ್ತಿರಬಹುದು ಎಂದು ಅವನಿಗೂ ಹೆದರಿಕೆಯಾಯಿತು.

ಆಗ ಅವನೊಂದು ಜಾಣತನ ಮಾಡಿದ. ಮಾತ್ರೆ ಬಿಟ್ಟ.

ಇಲ್ಲಿ ಗುರುಗಳು ಮೊರವನ್ನು ಜೋರಾಗಿ ಕೇರಿದರು. ಹೊಟ್ಟೆಲ್ಲ ಮಾಸ್ತರನ ಮೇಲೆ ಹಾರಿತು.

ಮೊದಲ ದಿನ ಏನೂ ಆಗಲಿಲ್ಲ. ಎರಡನೆಯ ದಿನ ಮೈ ಬೆಚ್ಚಗಾಯಿತು. ಏಣಿಯನ್ನು ಒಂದೇ ಉಸಿರಿಗೆ ಹತ್ತಿದ. ಹೆಂಡತಿಯನ್ನು ಬೈದ, ಎದೆ ಡಬಡಬ ಎಂದಿತು, ಖುಷಿಯಾಗಿ ಇನ್ನೊಮ್ಮೆ ಬೈದ. ಹಿರಿಯ ಬಂದು ಕೈ ಹಿಡಿದು, ಜೀವ ತಿರುಗಿ ಬಂತು ಎಂದು ಊರಿಗೆಲ್ಲ ಕೇಳುವಂತೆ ಹೇಳಿದ. ಅಣ್ಣ ಗಂಟು ಇಳಿಸಿಕೊಟ್ಟ.

ಮೂರನೆಯ ದಿನ, ಮಾಸ್ತರಾ, ಚೆನ್ನಾಗಿ ಕೇಳಿಸಿಕೋ, ಮೂರನೆಯ ದಿನ ಅವನು ಕೆತ್ತಲು ಕೂತ. ಮಗಳೊಬ್ಬಳು ತೀರಿಹೋದ ತನ್ನ ತಾಯಿಗೆ ಮಾಡಿಸುತ್ತಿದ್ದ ಕಲ್ಲು ಅದು. ಹೆಸರು ಮುಗಿಯಲು ಎರಡೇ ಅಕ್ಷರ ಬಾಕಿಯಿತ್ತು. ಆಗ ಎದೆ ಹಂಚಿನ ಮೇಲಿನ ಜೋಳವಾಯಿತು. ಉಳಿ ಜಾರಿತು. ತಾಯಿಯ ಹೆಸರಿನ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಗೀರು ಬಿತ್ತು. ಅವನು ಆ ಕಲ್ಲಿನ ಪಕ್ಕದಲ್ಲೇ ಬಿದ್ದ.

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಡಾಕ್ಟರಮ್ಮ ಎದುರಿಗೆ ನಿಂತಿದ್ದರು.

“ಯಾರನ್ನ ಕೇಳಿ ಮಾತ್ರಿ ಬಿಟ್ರಿ?”

“ನನ್ನ ಎದಿ. ನಾನ ಬಿಟ್ಟೆ,” ಎಂದ ಕಲ್ಲುಕುಟಿಗ. “ಮಾತ್ರಿ ನುಂಗಿದ್ರ ಅದು ನನ್ನ ಎದಿ ಅನ್ನಸೂದಿಲ್ಲ.”

“ನೀವು ಸುತ್ತಿಗಿ ಹಿಡದ ಕೆತ್ತತೀರಿ, ಹೌದಿಲ್ಲೋ? ಹಂಗಂತ ಅಕ್ಷರ ಸುತ್ತಿಗೀದು ಆಗತೈತೇನು?” ಎಂದರು ಡಾಕ್ಟರಮ್ಮ. “ಕಣ್ಣಿಗೆ ಕತ್ತಲಿ ಬಂದ್ರ, ತಲಿ ತಿರುಗಿ ಬಿದ್ರ, ಓಡಿ ಬರ್ರಿ. ಅದಿಲ್ಲಂದ್ರ ನಿಮಗ ನಲವತ್ತೆಂಟು ಸಾಕು. ಹೋಗಿ ಕೆಲಸಾ ಮಾಡ್ರಿ.”

ಊರಿಗೆ ಬಂದ ಕಲ್ಲುಕುಟಿಗ ಮೊದಲು ಆ ಮಗಳ ಮನೆಗೆ ಹೋದ. ಹೊಸ ಕಲ್ಲಿನ ಮೇಲೆ ತಾಯಿಯ ಹೆಸರು ಕೆತ್ತಿಕೊಡುತ್ತೇನೆ ಎಂದು ಮಾತು ಕೊಟ್ಟ. ಅವಳು ಬೈಯಲಿಲ್ಲ, ಮನೆಗೆ ತರಿಸಿಕೊಂಡಿದ್ದ ಗೀರು ಬಿದ್ದ ಕಲ್ಲನ್ನು ಸೆರಗಿನಿಂದ ಒರೆಸಿದಳು. ಬೈದಿದ್ದರೆ ವಾಸಿಯಿತ್ತು ಎಂದು ಅವನಿಗೆ ಬಹಳ ವರ್ಷ ಅನಿಸುತ್ತಿತ್ತು.

ಮಾತ್ರೆ ಮತ್ತೆ ಶುರುವಾಯಿತು. ನಾಡಿ ಮತ್ತೆ ನಲವತ್ತೆಂಟಕ್ಕೆ ಬಂತು. ಹಿರಿಯ ಮತ್ತೆ ಕೈ ಹಿಡಿದ, ಮತ್ತೆ ಎಂಟು ದಿನ ಎಂದ. ಉಳಿಯ ಗಂಟು ಮತ್ತೆ ಅಟ್ಟ ಏರಿತು. ಕೊಟ್ಟ ಮಾತೊಂದು ಬಾಕಿಯಿದೆ, ಉಳಿ ಕೊಡಿ ಎಂದು ಅವನು ಎಷ್ಟು ಕೇಳಿದರೂ ಮನೆಯವರು ಹೂಂ ಹೂಂ ಎಂದು ಹೊದಿಕೆ ಸರಿಪಡಿಸಿದರು.

ಈ ಸಲ ಅಣ್ಣ ಇನ್ನೊಂದು ಕೆಲಸ ಮಾಡಿದ. ಅವನು ಎಲ್ಲವನ್ನೂ ಮುಂಚೆಯೇ ಮಾಡಿಟ್ಟುಕೊಳ್ಳುವ ಮನುಷ್ಯ, ಎಂಟು ಗಂಟೆಯ ಬಸ್ಸಿಗೆ ಆರಕ್ಕೇ ಹೋಗಿ ನಿಲ್ಲುವವನು. ತಮ್ಮ ಸತ್ತರೆ ತಮ್ಮನ ಕಲ್ಲು ಕೆತ್ತಲು ಊರಲ್ಲಿ ಯಾರೂ ಇರುವುದಿಲ್ಲ ಎಂದು ಅವನಿಗೆ ಹೊಳೆಯಿತು. ಪಕ್ಕದ ಊರಿನ ಕಲ್ಲುಕುಟಿಗನಿಂದ ಕೆತ್ತಿಸಿ ತಂದು, ಹಿತ್ತಲಲ್ಲಿ ಗೋಣಿಚೀಲ ಮುಚ್ಚಿ ಇಟ್ಟ. ಪ್ರೀತಿಯಿಂದಲೇ ಮಾಡಿದ. ಪ್ರೀತಿಯಿಂದ ಮಾಡಿದ್ದನ್ನು ತಡೆಯುವುದು ಇನ್ನೂ ಕಷ್ಟ.

ಒಂಬತ್ತನೆಯ ದಿನ ಬೆಳಿಗ್ಗೆ ಕಲ್ಲುಕುಟಿಗ ಸಾಯದೆ ಎದ್ದ. ಹಾಸಿಗೆಯ ಅಂಚಿನಲ್ಲಿ ಕೂತ. ಮಾತ್ರೆ ನುಂಗಿದ. ಮೆಲ್ಲಗೆ ನಿಂತು ಹಿತ್ತಲಿಗೆ ಹೋದ. ಗೋಣಿ ಕಂಡಿತು, ಎತ್ತಿದ. ತನ್ನದೇ ಹೆಸರು. ಅದರ ಕೆಳಗೆ ‘ಜನನ’, ಮುಂದೆ ತಾರೀಖು. ಅದರ ಕೆಳಗೆ ‘ನಿಧನ’, ಮುಂದೆ ಖಾಲಿ ಜಾಗ.

ಸಿಟ್ಟು ಬಂತು. ಬದುಕಿರುವಾಗಲೇ ಸಾಯಿಸಿದ್ದಕ್ಕೆ ಬಂದದ್ದು ಕಾಲು ಭಾಗ. ಉಳಿದ ಮುಕ್ಕಾಲು ಆ ಅಕ್ಷರಗಳನ್ನು ನೋಡಿ ಬಂತು. ಎರಡು ನಕಾರ, ಎರಡಕ್ಕೂ ಬೇರೆ ಬೇರೆ ಅಳತೆ. ಧಕಾರದ ಹೊಟ್ಟೆ ಊದಿಕೊಂಡಿತ್ತು. ಅಕ್ಷರ ಅಕ್ಷರದ ನಡುವೆ ಎಮ್ಮೆ ಹಾಯುವಷ್ಟು ಜಾಗ ಬಿಟ್ಟಿದ್ದ ಆ ಪುಣ್ಯಾತ್ಮ.

“ನನ್ನ ಉಳಿ ತಗೊಂಡ ಬರ್ರಿ!” ಎಂದು ಕೂಗಿದ.

ಅಣ್ಣ ಬೇಡವೆನ್ನುತ್ತ ಓಡಿ ಬಂದ. ಬಾಗಿಲಲ್ಲಿದ್ದ ಹಿರಿಯನೂ ಬಂದ. ಹೆಂಡತಿ ಮಾತ್ರ ಯಾರನ್ನೂ ಕೇಳದೆ ಅಟ್ಟ ಹತ್ತಿ ಗಂಟು ಇಳಿಸಿ ತಂದಳು. ಪಿಸುಮಾತು ಅವಳಿಗೂ ಸಾಕಾಗಿತ್ತು.

ಉಳಿ ಕೈಗೆ ಬಂದಾಗ ಅವನಿಗೆ ಅಪ್ಪನ ನಿಯಮ ನೆನಪಾಯಿತು. ಸಿಟ್ಟಿನಲ್ಲಿ ಉಳಿ ಮುಟ್ಟಬಾರದು. ಎದೆಯ ಮೇಲೆ ಅಂಗೈ ಇಟ್ಟು ನೋಡಿಕೊಂಡ. ಒಂದು ಬಡಿತ ಬಂತು. ಸಾವಕಾಶವಾಗಿ ಇನ್ನೊಂದು ಬಂತು. ತಲೆಯಲ್ಲಿ ಸಿಟ್ಟು ಧಗಧಗ ಉರಿಯುತ್ತಿತ್ತು, ಎದೆ ತನ್ನ ಪಾಡಿಗೆ ತಾನು ನಡೆಯುತ್ತಿತ್ತು. ಕೈ ಚಾಚಿದ. ಒಂದು ಕೂದಲೆಳೆಯಷ್ಟೂ ನಡುಗಲಿಲ್ಲ. ಆಗ ಅವನಿಗೆ ಅರ್ಥವಾಯಿತು. ಸಿಟ್ಟು ಎಲ್ಲಿಗೂ ಹೋಗಿರಲಿಲ್ಲ. ಸದ್ದು ಮಾತ್ರ ಹೋಗಿತ್ತು. ಇಷ್ಟು ವರ್ಷ ಸಿಟ್ಟನ್ನು ಕೆರೆಯ ದಂಡೆಗೆ ಹೊತ್ತುಕೊಂಡು ಹೋದವನು ಅಂದು ಅದನ್ನು ಕಲ್ಲಿನ ಎದುರಿಗೆ ಕೂರಿಸಿಕೊಂಡ.

ಧಕಾರದ ತಲೆಕಟ್ಟಿಗೆ ಉಳಿ ಇಟ್ಟು ಮೊದಲ ಏಟು ಹಾಕಿದ.

“ತಮ್ಮಾ, ಏನ ಮಾಡಾಕತ್ತಿ?” ಎಂದ ಅಣ್ಣ.

“ತಪ್ಪು ತಿದ್ದಾಕತ್ತೀನಿ. ದೀರ್ಘಾ ಬಿಟ್ಟಾನ ಅವ.”

ಹಿರಿಯ ರೂಢಿಯಂತೆ ನಾಡಿ ನೋಡಲು ಕೈ ಚಾಚಿದ. ಕಲ್ಲುಕುಟಿಗ ಕೈ ಕೊಡಲಿಲ್ಲ.

“ಎಣಸೂದಿದ್ರ ಸುತ್ತಿಗಿ ಏಟು ಎಣಸ್ರಿ,” ಎಂದ.

ತಲೆಕಟ್ಟಿನ ತುದಿಯನ್ನು ಬಲಕ್ಕೆ ಎಳೆದ. ಎಮ್ಮೆ ಹಾಯುವ ಜಾಗದಲ್ಲಿ ಅದನ್ನು ಕೆಳಕ್ಕೆ ಬಾಗಿಸಿದ. ಅವಸರ ಮಾಡಲಿಲ್ಲ. ಎದೆಯ ಒಂದು ಬಡಿತಕ್ಕೆ ಸುತ್ತಿಗೆಯ ಒಂದು ಏಟು. ಹಿರಿಯ ನಿಜಕ್ಕೂ ಎಣಿಸುತ್ತ ನಿಂತ, ನಡುವೆ ಲೆಕ್ಕ ತಪ್ಪಿ ಮನೆಗೆ ಹೋದ. ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಯಿತು. ‘ನಿಧನ’ ಇದ್ದದ್ದು ‘ನಿಧಾನ’ ಆಯಿತು. ಮುಂದಿನ ಖಾಲಿ ಜಾಗ ಖಾಲಿಯೇ ಉಳಿಯಿತು.

ಆ ಕಲ್ಲನ್ನು ಅವನು ಮನೆಯ ಬಾಗಿಲ ಪಕ್ಕದಲ್ಲಿ ನೆಟ್ಟ. ಕೆಲಸಕ್ಕೆ ಅವಸರ ಮಾಡಲು ಬಂದವರು ಅದನ್ನು ಓದಿ ಆಮೇಲೆ ಬಾಯಿ ತೆರೆಯುತ್ತಿದ್ದರು. ಮರುದಿನವೇ ಆ ತಾಯಿಯ ಹೆಸರನ್ನು ಹೊಸ ಕಲ್ಲಿನ ಮೇಲೆ ಕೆತ್ತತೊಡಗಿದ. ಏಣಿಯ ಅರ್ಧದಲ್ಲಿ ನಿಲ್ಲುತ್ತ, ತಣ್ಣನೆಯ ಬೆರಳುಗಳನ್ನು ಕಂಕುಳಲ್ಲಿ ಬೆಚ್ಚಗೆ ಮಾಡಿಕೊಳ್ಳುತ್ತ ಇನ್ನೂ ಹತ್ತೊಂಬತ್ತು ವರ್ಷ ಕೆತ್ತಿದ. ನಾಡಿ ನೋಡುವ ಹಿರಿಯನ ಕಲ್ಲನ್ನೂ ಅವನೇ ಕೆತ್ತಿದ. ಅಕ್ಷರಗಳು ಬಹಳ ಚೆನ್ನಾಗಿ ಬಂದವು.

ಗುರುಗಳು ಮೊರವನ್ನು ಕೆಳಗಿಟ್ಟರು. ಮಾಸ್ತರ ಮೈಮೇಲಿನ ಹೊಟ್ಟು ಕೊಡವಿಕೊಳ್ಳುವುದನ್ನೂ ಮರೆತು ಕೂತಿದ್ದ.

“ಮಾಸ್ತರಾ, ನೀನು ಮಕ್ಕಳಿಗೆ ಛಂದಸ್ಸು ಕಲಿಸುವವನು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಎಂದು ಕಿವಿ ಹಿಂಡಿ ಹೇಳಿಕೊಡುವವನು. ನಿಧನ ಎಂಬ ಪದಕ್ಕೆ ಎಷ್ಟು ಮಾತ್ರೆ?”

ಮಾಸ್ತರ ಅಭ್ಯಾಸಬಲದಿಂದ ಬೆರಳು ಮಡಚಿದ. “ಮೂರು.”

“ನಿಧಾನಕ್ಕೆ?”

“ನಾಲ್ಕು.”

ಗುರುಗಳು ನೀರಿನ ಚೊಂಬನ್ನು ಅವನ ಕಡೆಗೆ ಸರಿಸಿದರು.

“ಆ ಒಂದು ಮಾತ್ರೆ ನಿನ್ನ ಜೇಬಿನಲ್ಲಿದ್ದರೆ ಏನು ಬಂತು?”

ಮಾಸ್ತರ ಜೇಬಿನ ಹಾಳೆಯಿಂದ ಒಂದು ಮಾತ್ರೆ ಬಿಡಿಸಿ ಬಾಯಿಗೆ ಹಾಕಿಕೊಂಡು ಚೊಂಬು ಎತ್ತಿದ. ಅವನ ಬಾಯಿ ತುಂಬ ನೀರಿತ್ತು.